ಹನ್ನೆರಡನೇ ಮಗ್

ನನ್ನ ದೋಣಿಯಲ್ಲಿ ತಲೆ ಎಣಿಸುವ ಪದ್ಧತಿ ಇರಲಿಲ್ಲ. ಮಗ್ ಎಣಿಸುತ್ತಿದ್ದೆವು. ಈಗ ಎಣಿಸುವುದಿಲ್ಲ. ಯಾಕೆ ಅಂತ ಬಂದರಿನಲ್ಲಿ ಯಾರನ್ನು ಕೇಳಿದರೂ ನಗುತ್ತಾ ಹೇಳುತ್ತಾರೆ, ಅದಕ್ಕೆ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ದೋಣಿಯ ಹೆಸರು ಕಿಟ್ಟಿವೇಕ್. ಅಪ್ಪನ ಕಾಲದಲ್ಲಿ ಅದು ಹೆರಿಂಗ್ ಮೀನು ಹಿಡಿಯುತ್ತಿತ್ತು. ಹೆರಿಂಗ್ ಕಡಿಮೆಯಾದ ಮೇಲೆ ಅಪ್ಪ ಮೀನು ತುಂಬುವ ಜಾಗದಲ್ಲಿ ಹನ್ನೆರಡು ಮಂಚ ಹಾಕಿಸಿ, ನಮ್ಮ ಓರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಕೊಲ್ಲಿಯ ತಳದಲ್ಲಿ ಬಿದ್ದಿರುವ ಜರ್ಮನ್ ಯುದ್ಧನೌಕೆಗಳನ್ನು ನೋಡಬಂದ ಮುಳುಗುಗಾರರನ್ನು ಹತ್ತಿಸಿಕೊಳ್ಳತೊಡಗಿದ. ಅಪ್ಪ ಹೋಗಿ ಹದಿನಾರು ವರ್ಷವಾಯಿತು. ಈಗ ಚುಕ್ಕಾಣಿ ನನ್ನ ಕೈಯಲ್ಲಿದೆ. ನಾನು ಥೋರಾ ಇಸ್ಬಿಸ್ಟರ್, ವಯಸ್ಸು ಅರವತ್ತೊಂದು. ಸ್ಟ್ರಾಮ್‌ನೆಸ್ ಬಂದರಿನಲ್ಲಿ ನನ್ನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಏಡಿ ಹಿಡಿಯುವ ಮಾನ್ಸಿ, ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವನು. ಇನ್ನೊಂದು ಅವನ ನಾಯಿ, ಅದಕ್ಕೆ ಕಿವಿ ಕೇಳಿಸುವುದಿಲ್ಲ.

ಮಗ್‌ಗಳ ಪದ್ಧತಿ ಅಪ್ಪನದೇ. ದಡಕ್ಕೆ ತೇಲಿಬಂದ ಒಂದು ಹಲಗೆಗೆ ಹನ್ನೆರಡು ಹಿತ್ತಾಳೆ ಕೊಕ್ಕೆ ಹೊಡೆದು, ಅಡುಗೆಕೋಣೆಯ ಹೊರಗೋಡೆಗೆ ಬಿಗಿದಿದ್ದ. ಚುಕ್ಕಾಣಿ ಹಿಡಿದು ನಿಂತವರು ಕತ್ತು ತಿರುಗಿಸಿದರೆ ಹಿಂದಿನ ಕಿಟಕಿಯಿಂದ ನೇರ ಅದೇ ಕಾಣಬೇಕು. ಕೊಕ್ಕೆಗೊಂದು ತಗಡಿನ ಮಗ್, ಮಗ್‌ಗೊಂದು ನಂಬರು. ದೋಣಿ ಹತ್ತಿದವನಿಗೆ ಒಂದು ನಂಬರು ಕೊಡುತ್ತೇವೆ. ಅವನು ನೀರಿಗೆ ಇಳಿದಾಗ ಮಗ್ ಕೊಕ್ಕೆಯಲ್ಲಿರುತ್ತದೆ. ಮೇಲೆ ಬಂದವನು ತನ್ನ ಮಗ್ ತಾನೇ ತೆಗೆದು ಒಡ್ಡಿದರೆ ಮಾತ್ರ ಚಹಾ. ಮಗ್ ನೇತಾಡುತ್ತಿದ್ದರೆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಕೊಕ್ಕೆಗಳೆಲ್ಲ ಖಾಲಿಯಾದರೆ ಹೊರಡಬಹುದು. ನಮ್ಮ ನೀರು ಜೂನ್ ತಿಂಗಳಲ್ಲೂ ಹಲ್ಲು ಕಟಕಟಿಸುವಷ್ಟು ತಣ್ಣಗಿರುತ್ತದೆ. ಮನುಷ್ಯ ಸುಳ್ಳು ಹೇಳಿಯಾನು, ನಡುಗುವ ಮನುಷ್ಯ ಚಹಾ ಬಿಡಲಾರ ಅನ್ನುತ್ತಿದ್ದ ಅಪ್ಪ. ಮೂವತ್ತೆಂಟು ವರ್ಷ ಒಂದೇ ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ.

ಹೀಗಿರುವಾಗ ಅಬರ್ಡೀನಿನಿಂದ ಹ್ಯೂ ರಿಡಕ್ ಬಂದ. ದೋಣಿಗಳ ಸುರಕ್ಷತೆ ನೋಡುವ ಅಧಿಕಾರಿ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಮುಖ. ಬೆಳಿಗ್ಗೆ ಏಳು ಗಂಟೆಗೆ ಬಂದರಿನ ಕಟ್ಟೆಯಿಂದ ದೋಣಿ ಹತ್ತಿ ಬೆಂಕಿ ಆರಿಸುವ ಸಿಲಿಂಡರಿನಿಂದ ಹಿಡಿದು ಕಕ್ಕಸಿನ ಚಿಲಕದವರೆಗೆ ಎಲ್ಲ ನೋಡಿದ, ಎಲ್ಲಕ್ಕೂ ತಲೆಯಾಡಿಸಿದ. ಕೊನೆಗೆ, ಇಳಿದವರ ಪಟ್ಟಿ ಎಲ್ಲಿ ಅಂದ. ನಾನು ಹಲಗೆ ತೋರಿಸಿದೆ. ಅವನು ಕೊಕ್ಕೆಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕೊಕ್ಕೆಗಳನ್ನು ನೋಡಿದ.

"ಮೇಡಂ, ಇದನ್ನ ನಂಬ್ಕೊಂಡು ಹೆಂಗೆ ಪರವಾನಗಿ ಕೊಡ್ಲಿ? ಹೆಸರು ಕರೆದ್ರೆ ಮನುಷ್ಯ ಓ ಅಂತಾನೆ. ಮಗ್ ಓ ಅನ್ನಲ್ಲ."

"ಕುಡಿದವನೂ ಓ ಅಂತಾನೆ, ಪಕ್ಕದವನ ಪರವಾಗಿ ಗೆಳೆಯನೂ ಓ ಅಂತಾನೆ. ನನ್ನ ಮಗ್ ಯಾರ ಪರವಾಗೂ ಓ ಅಂದಿಲ್ಲ," ಅಂದೆ.

ಅವನು ಜಗಳಕ್ಕೆ ಬೀಳಲಿಲ್ಲ, ಅದೇ ನನಗೆ ಇನ್ನಷ್ಟು ಉರಿಸಿತು. ತಾನೂ ಮುಳುಗುಗಾರ, ಒಂಟಿಯಾಗಿ ಇಳಿಯುವ ತರಬೇತಿಯೂ ಆಗಿದೆ, ಇವತ್ತು ಜೊತೆಗೆ ಬಂದು ಕಣ್ಣಾರೆ ನೋಡಿ ಸಂಜೆ ತೀರ್ಮಾನ ಹೇಳುತ್ತೇನೆ ಅಂದ. ಮಗ್‌ಗಳು ಉಳಿಯಬೇಕೋ ಬೇಡವೋ ಅನ್ನುವುದು ಆ ಸಂಜೆಗೆ ನಿಂತಿತು. ಬೇರೆಯವರಿಗೆ ಅದು ಹಲಗೆ ಇರಬಹುದು. ನನಗೆ ಅಪ್ಪನ ಕೈಯಿಂದ ಉಳಿದದ್ದು ಅದೊಂದೇ, ಅದನ್ನು ಕೀಳುವ ಮಾತಾಡಿದವನನ್ನು ನೋಡಿದರೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಆ ದಿನ ಹನ್ನೊಂದು ಜನ ಇದ್ದರು, ಲೀಡ್ಸ್ ಊರಿನ ಒಂದು ಕ್ಲಬ್ಬಿನವರು. ರಿಡಕ್ಕನಿಗೆ ಹನ್ನೆರಡನೇ ಮಗ್ ಬಂತು.

ಹೋದದ್ದು ಆ ಮುಳುಗಿದ ನೌಕೆಗಳಲ್ಲೊಂದಾದ ಹಿಲ್ಡಾಳ ಮೇಲೆ. ಅವಳ ಜರ್ಮನ್ ಹೆಸರು ಹೇಳಹೊರಟರೆ ಊಟದ ಹೊತ್ತಾಗುತ್ತದೆ, ನಮ್ಮವರು ಹಿಲ್ಡಾ ಅಂತ ಮೊಟಕು ಮಾಡಿದ್ದಾರೆ. ಮೊದಲ ಯುದ್ಧ ಮುಗಿದ ಮರುವರ್ಷ ಅವಳದೇ ನಾವಿಕರು ತೂಬು ತೆರೆದು ಮುಳುಗಿಸಿದವಳು, ಮೂವತ್ತೈದು ಮೀಟರ್ ಕೆಳಗೆ ಮಗ್ಗುಲಾಗಿ ಮಲಗಿದ್ದಾಳೆ. ಮೊಣಕಾಲು ಕೈಕೊಡುವ ಮುಂಚೆ ನಾನೂ ಇಳಿದಿದ್ದೇನೆ, ನಲವತ್ತು ಸಲ ಇರಬಹುದು. ನೀರಿನ ಮೇಲಿನ ಬೆಂಡಿನಿಂದ ನೌಕೆಗೆ ಇಳಿಬಿಟ್ಟ ಹಗ್ಗ ಹಿಡಿದು ಹಸಿರು ನೀರಿನಲ್ಲಿ ಇಳಿಯುತ್ತಾ ಹೋದರೆ ಮೊದಲು ಏನೂ ಇರುವುದಿಲ್ಲ. ಆಮೇಲೆ ಹಸಿರೇ ಗಟ್ಟಿಯಾಗಿ ಒಂದು ಗೋಡೆಯಾಗುತ್ತದೆ. ಆ ಗೋಡೆಗೆ ಕಿಟಕಿಗಳಿರುತ್ತವೆ. ಫಿರಂಗಿಗಳ ಮೇಲೆ ಬಿಳಿ ಬಿಳಿ ಮೆತ್ತನೆ ಹವಳ ಬೆಳೆದು, ಕೊಲ್ಲಲು ಮಾಡಿದ ಕಬ್ಬಿಣ ಮದುಮಗಳ ಹಾಗೆ ನಿಂತಿರುತ್ತದೆ. ಚಳಿ ತುಟಿಗೆ ಕಚ್ಚುತ್ತದೆ, ಆದರೂ ಮೇಲೆ ಬರಲು ಮನಸ್ಸೇ ಆಗುವುದಿಲ್ಲ. ರಿಡಕ್ಕನಿಗೂ ಹಾಗೇ ಆಯಿತು ಅಂತ ಆಮೇಲೆ ಗೊತ್ತಾಯಿತು.

ಹತ್ತು ಗಂಟೆಗೆ ಎಲ್ಲರೂ ಜೋಡಿ ಜೋಡಿಯಾಗಿ, ಮೂವರು ಮಾತ್ರ ಒಟ್ಟಾಗಿ ಇಳಿದರು. ಕೊನೆಯಲ್ಲಿ ರಿಡಕ್ ಒಬ್ಬನೇ ಇಳಿದ. ಮುಕ್ಕಾಲು ಗಂಟೆಯ ಮೇಲೆ ಅಲ್ಲೊಂದು ಇಲ್ಲೊಂದು ಕಿತ್ತಳೆ ಬಣ್ಣದ ಗಾಳಿಚೀಲ ನೀರಿನ ಮೇಲೆ ಎದ್ದವು. ಬರುವವನು ಕೆಳಗಿನಿಂದಲೇ ದಾರ ಕಟ್ಟಿ ಅದನ್ನು ಮೊದಲು ಕಳಿಸುತ್ತಾನೆ, ಇಲ್ಲಿದ್ದೇನೆ ಅನ್ನುವುದಕ್ಕೆ. ನಾನು ಒಂದೊಂದರ ಹತ್ತಿರ ದೋಣಿ ಒಯ್ಯುವುದು, ನನ್ನ ಅಕ್ಕನ ಮಗಳು ಇಂಗಾ ಅವರನ್ನು ಎತ್ತಿಕೊಂಡು, ಅವರು ಒಡ್ಡಿದ ಮಗ್‌ಗೆ ಚಹಾ ಹಾಕುವುದು. ಮೈತುಂಬ ಕಪ್ಪು ಸೂಟು, ತಲೆಗೆ ಕಪ್ಪು ಟೊಪ್ಪಿ, ಮೇಲೆ ಬಂದವರೆಲ್ಲ ಒಂದೇ ತಾಯಿಯ ಸೀಲ್ ಮರಿಗಳ ಹಾಗೆ ಕಾಣುತ್ತಾರೆ. ಮುಖ ನೋಡಿ ಎಣಿಸುತ್ತೇನೆ ಅನ್ನುವವನಿಗೆ ನನ್ನ ನಮಸ್ಕಾರ.

ಅಷ್ಟರಲ್ಲಿ ಮಾನ್ಸಿ ಬಂದ. ಹಿಲ್ಡಾಳ ಆಸುಪಾಸಿನಲ್ಲಿ ಅವನ ಏಡಿಬುಟ್ಟಿಗಳಿವೆ. ತನ್ನ ಪುಟ್ಟ ದೋಣಿಯನ್ನು ನಮ್ಮದಕ್ಕೆ ಒರಗಿಸಿ, ಮಧ್ಯಾಹ್ನದ ಅಡುಗೆಗೆ ಇರಲಿ ಅಂತ ನಾಲ್ಕು ಏಡಿ ಎತ್ತಿ ಕೊಟ್ಟ. ಕೊಟ್ಟವನು ಹೋಗಲಿಲ್ಲ. ಅವನು ಹೋಗುವುದಿಲ್ಲ ಅಂತ ನಮಗೂ ಗೊತ್ತು. ಓರ್ಕ್ನಿಯಲ್ಲಿ ಬಾಗಿಲಿಗೆ ಬಂದವರಿಗೆ ಚಹಾ ಕೊಡದೆ ಕಳಿಸಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ದೋಣಿಗೆ ಬಾಗಿಲಿಲ್ಲ ಅನ್ನುವುದು ನೆಪವಾಗುವುದಿಲ್ಲ.

ನನ್ನ ಮಗ್ ನನ್ನ ಕೈಯಲ್ಲಿತ್ತು. ಇಂಗಾ ತನ್ನ ಮಗ್‌ನಲ್ಲಿ ರೊಟ್ಟಿ ಕಲಸಲು ಮಜ್ಜಿಗೆ ಅಳೆದಿಟ್ಟಿದ್ದಳು. ಅವಳು ಮಾನ್ಸಿಗೆ ಯಾವುದರಲ್ಲಿ ಚಹಾ ಕೊಟ್ಟಳು ಅಂತ ನಾನು ನೋಡಲಿಲ್ಲ. ನಾನು ಕಿಟಕಿಯಿಂದ ತಲೆ ಹಾಕಿ ಮಾನ್ಸಿಯ ಹತ್ತಿರ ರಿಡಕ್ಕನನ್ನು ಬೈಯುವುದರಲ್ಲಿ ಮುಳುಗಿದ್ದೆ. ಇಸ್ತ್ರಿ ಮುಖ ಅಂದೆ, ಉಪ್ಪಿಲ್ಲದ ಗಂಜಿ ಅಂದೆ, ಇನ್ನೂ ಏನೇನೋ ಅಂದೆ. ಮಾನ್ಸಿ ಚಹಾ ಹೀರುತ್ತಾ, "ಅಷ್ಟು ಉರ್ಕೋಬೇಡ್ವೇ, ನಿನ್ನ ಉಸಿರಿಗೇ ಇಂಜಿನ್ನು ಶುರುವಾದೀತು," ಅಂದ. ಆಮೇಲೆ ಪಡುವಣ ಕಡೆ ಮಂಜು ಬರುವ ಹಾಗಿದೆ, ಬುಟ್ಟಿ ಎತ್ತಿಬಿಡುತ್ತೇನೆ ಅಂತ ದೋಣಿ ಬಿಟ್ಟುಕೊಂಡು ಹೋದ.

ನಾನು ಕತ್ತು ತಿರುಗಿಸಿ ಕೊಕ್ಕೆಗಳನ್ನು ನೋಡಿದೆ. ಹನ್ನೆರಡೂ ಖಾಲಿ. ನೀರಿನ ಮೇಲೆ ಗಾಳಿಚೀಲ ಒಂದೂ ಇರಲಿಲ್ಲ. ನಾನು ಬೈಯುವುದರಲ್ಲಿದ್ದಾಗ ರಿಡಕ್ ತಾನೇ ಈಜಿ ಬಂದು ಹತ್ತಿರಬೇಕು ಅಂದುಕೊಂಡೆ. ಹಲಗೆಗೆ ಮನಸ್ಸಿನಲ್ಲೇ, ನೋಡಿದೆಯಾ, ನಿನ್ನನ್ನು ಬೇಡ ಅಂದವನೂ ನಿನ್ನ ಮಗ್ ಹಿಡಿದು ಕೂತ, ಅಂದೆ. ಅವನು ಎಲ್ಲಿ ಕೂತಿದ್ದಾನೆ ಅಂತ ನೋಡುವ ಗೋಜಿಗೂ ಹೋಗಲಿಲ್ಲ, ಮುಖ ನೋಡಲು ಇಷ್ಟವಿರಲಿಲ್ಲ. ಊಟಕ್ಕೆ ನಿಲ್ಲುವುದು ಎದುರು ದ್ವೀಪದ ಲೈನೆಸ್ ಕಟ್ಟೆಯಲ್ಲಿ. ದೋಣಿ ತಿರುಗಿಸಿದೆ.

ಹದಿನೈದು ನಿಮಿಷ ಹೋಗಿರಬೇಕು. ಕಾವಲಿಯ ಮೇಲೆ ಬಾರ್ಲಿ ರೊಟ್ಟಿ ಹಾಕಿ ಮುಗಿಸಿದ ಇಂಗಾ ಎರಡನೇ ಸುತ್ತಿನ ಚಹಾಕ್ಕೆ ಕೆಟಲ್ ಹಿಡಿದು ಹೊರಗೆ ಬಂದಳು. ಸುತ್ತು ಮುಗಿಸಿ ನನ್ನ ಹತ್ತಿರ ಬಂದಾಗ ಅವಳ ಹುಬ್ಬು ಗಂಟಾಗಿತ್ತು.

"ಚಿಕ್ಕಮ್ಮ, ಹನ್ನೆರಡನೇ ಮಗ್ ಕಾಣಿಸ್ತಿಲ್ಲ. ಮಾನ್ಸಿ ಮಾವ ತೊಗೊಂಡೇ ಹೋದ್ರು ಅನ್ಸತ್ತೆ."

"ಅದು ಮಾನ್ಸಿ ಕೈಗೆ ಹೆಂಗೆ ಹೋಯ್ತು?"

"ನಾನೇ ಕೊಟ್ಟೆ. ಬಂದವರನ್ನ ಬರಿಗೈಲಿ ಕಳ್ಸೋಕಾಗತ್ತಾ? ಬೇರೆ ಯಾವ್ದೂ ಇರ್ಲಿಲ್ಲ. ರಿಡಕ್ ಅವ್ರು ಹೆಂಗೂ ಇನ್ನೂ ಮೇಲೆ ಬಂದಿರ್ಲಿಲ್ವಲ್ಲ, ತೊಳೆದು ವಾಪಸ್..."

ಅವಳ ಮಾತು ಅಲ್ಲಿಗೇ ನಿಂತಿತು. ಇಂಜಿನ್ ಶುರುವಾದಾಗ ಅವಳು ಒಲೆಯ ಮುಂದಿದ್ದಳು, ರಿಡಕ್ಕನ ಚೀಲ ಎದ್ದಿರಬೇಕು, ಅವನನ್ನು ಎತ್ತಿಕೊಳ್ಳಲು ಹೋಗುತ್ತಿದ್ದೇವೆ ಅಂದುಕೊಂಡಿದ್ದಳು. ನಾನು ಅವನು ಕೆಳಗಿನ ಮಂಚದಲ್ಲಿ ಮುಖ ಊದಿಸಿಕೊಂಡು ಕೂತಿದ್ದಾನೆ ಅಂದುಕೊಂಡಿದ್ದೆ. ಹನ್ನೊಂದು ಜನ ಹನ್ನೊಂದು ಮಗ್ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದರು.

ದೋಣಿಯನ್ನು ಎಷ್ಟು ಜೋರಾಗಿ ತಿರುಗಿಸಿದೆನೆಂದರೆ ಏಡಿಗಳ ಬಕೆಟ್ಟು ಉರುಳಿತು. ಬಂದ ಎರಡು ಮೈಲಿಯನ್ನು ವಾಪಸ್ಸು ಹೋಗಬೇಕು. ಪಡುವಣದಿಂದ ಮಂಜು ನಿಜಕ್ಕೂ ಬರುತ್ತಿತ್ತು, ದಡದ ದೀಪಸ್ತಂಭದ ಅರ್ಧ ಆಗಲೇ ಮಾಯವಾಗಿತ್ತು. ಮಂಜು ಕವಿದರೆ ನೀರಿನ ಮೇಲಿನ ಒಂದು ತಲೆಯನ್ನು ದೇವರೂ ಹುಡುಕಲಾರ. ವೈರ್‌ಲೆಸ್ಸಿನಲ್ಲಿ ಮಾನ್ಸಿಯನ್ನು ಕೂಗಿದೆ. ಉತ್ತರವಿಲ್ಲ. ಅವನ ತಂಗಿ ದಿನಕ್ಕೆ ಹತ್ತು ಸಲ ಕರೆಯುತ್ತಾಳೆಂದು ಅವನು ಅದನ್ನು ಆರಿಸಿಡುತ್ತಾನೆ. ಕರಾವಳಿ ಕಾವಲಿನವರಿಗೆ ಕರೆ ಮಾಡಲು ಕೈ ಹೋಯಿತು. ಹತ್ತು ನಿಮಿಷ, ಹಿಲ್ಡಾಳ ಮೇಲಿನ ಬೆಂಡು ಕಾಣಿಸಲಿ, ಕಾಣದಿದ್ದರೆ ಕರೆದೇಬಿಡುತ್ತೇನೆ ಅಂದುಕೊಂಡೆ. ಅದೂ ತಪ್ಪೇ. ಆಗಲೇ ಕರೆಯಬೇಕಿತ್ತು. ಆ ಹತ್ತು ನಿಮಿಷ ನನಗೆ ಹಲಗೆಯೂ ನೆನಪಾಗಲಿಲ್ಲ, ಪರವಾನಗಿಯೂ ನೆನಪಾಗಲಿಲ್ಲ. ಅವನಿಗೆ ಮಕ್ಕಳಿದ್ದಾರೋ ಇಲ್ಲವೋ ಅಂತ ಬೆಳಿಗ್ಗೆ ಕೇಳಲೇ ಇಲ್ಲವಲ್ಲ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಒಂಬತ್ತನೇ ನಿಮಿಷಕ್ಕೆ ಇಂಗಾ ಮುಂದಿನ ತುದಿಯಿಂದ ಕೈ ಬೀಸಿದಳು. ಮಂಜಿನ ಅಂಚಿನಲ್ಲಿ ಮಾನ್ಸಿಯ ದೋಣಿ ನಿಂತಿತ್ತು. ಅದರೊಳಗೆ ಏಡಿಬುಟ್ಟಿಗಳ ರಾಶಿಯ ಮೇಲೆ ಒಬ್ಬ ಕಪ್ಪು ಸೂಟಿನವನು ಕೂತು, ತಗಡಿನ ಮಗ್‌ನಲ್ಲಿ ಏನೋ ಕುಡಿಯುತ್ತಿದ್ದ. ಕಿವುಡು ನಾಯಿ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಇಂಜಿನ್ ನಿಧಾನ ಮಾಡಿದೆ. ಅಳು ಬಂತು, ಮುಚ್ಚಿಡಲು ಮೂಗು ಒರೆಸಿಕೊಂಡೆ.

ಆದದ್ದನ್ನು ಮಾನ್ಸಿ ನಮ್ಮ ದೋಣಿಗೆ ಒರಗುತ್ತಲೇ ಹೇಳಿದ. ನೀರಿನ ಮೇಲೆ ಕಿತ್ತಳೆ ಬಣ್ಣದ್ದೇನೋ ಕಂಡು, ತನ್ನದೇ ಬುಟ್ಟಿಯ ಬೆಂಡು ತಪ್ಪಿಸಿಕೊಂಡು ಬಂದಿದೆ ಅಂತ ಕೊಕ್ಕೆಕೋಲು ಹಾಕಿ ಎಳೆಯಲು ಶುರುಮಾಡಿದನಂತೆ.

"ನಾನು ಎಳೆದೆ ಕಣೇ, ಅದು ವಾಪಸ್ ಎಳೀತು. ನಲವತ್ತು ವರ್ಷದಲ್ಲಿ ಯಾವ ಏಡೀನೂ ನನ್ನ ಹತ್ರ ಹಂಗೆ ಹಟ ಮಾಡಿಲ್ಲ."

ಆಮೇಲೆ ಗುಳ್ಳೆಗಳು ಕಂಡು, ಕೆಳಗೆ ಮನುಷ್ಯನಿದ್ದಾನೆ ಅಂತ ದಾರ ಬಿಟ್ಟು, ಪಕ್ಕದಲ್ಲೇ ದೋಣಿ ನಿಲ್ಲಿಸಿ ಕಾದನಂತೆ. ಒಳ್ಳೆಯದೇ ಆಯಿತು. ಅಷ್ಟು ಆಳದಿಂದ ಬರುವವನು ಆರು ಮೀಟರಿನಲ್ಲಿ ಸುಮ್ಮನೆ ನಿಂತು, ಮೈಯೊಳಗೆ ಸೇರಿದ ಗಾಳಿ ಕಳೆದ ಮೇಲೇ ತಲೆ ಎತ್ತಬೇಕು. ಅವಸರದಲ್ಲಿ ಎಳೆದಿದ್ದರೆ ಮನುಷ್ಯನೇ ಹೋಗುತ್ತಿದ್ದ. ರಿಡಕ್ ತಲೆ ಎತ್ತಿದಾಗ ಎದುರಿಗೆ ದೋಣಿ ಇತ್ತು, ಮಾನ್ಸಿಯ ಕೈಯಲ್ಲಿ ಹನ್ನೆರಡು ಅಂತ ಬರೆದ ಮಗ್ ಇತ್ತು. ಮಾನ್ಸಿ ಅದನ್ನು ಕಡಲಿನಲ್ಲಿ ತೊಳೆದು, ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಿದ್ದ.

ರಿಡಕ್ ನಮ್ಮ ದೋಣಿ ಹತ್ತಿದ. ಅವನ ಮುಖದ ಇಸ್ತ್ರಿ ಪೂರಾ ಹೋಗಿತ್ತು. ಫಿರಂಗಿಯ ಬಾಯೊಳಗೆ ಒಂದು ನೀಲಿ ಲಾಬ್‌ಸ್ಟರ್ ಮನೆ ಮಾಡಿಕೊಂಡಿದೆ, ಇವನು ಟಾರ್ಚು ಬಿಟ್ಟರೆ ಮೀಸೆ ಹೊರಹಾಕುತ್ತದೆ, ತೆಗೆದರೆ ಒಳಗೆಳೆದುಕೊಳ್ಳುತ್ತದೆ, ಅದರ ಜೊತೆ ಆಟವಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲವಂತೆ. ಸಣ್ಣ ಹುಡುಗನ ಹಾಗೆ ಕೈ ಆಡಿಸಿ ಮೀಸೆ ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ನಿಮ್ಮ ಕ್ಷಮೆ ಕೇಳ್ಬೇಕು. ತಡವಾಗಿ ಬರೋನಿಗೆ ಅಂತ ಇನ್ನೊಂದು ದೋಣಿ ಪಕ್ಕದಲ್ಲೇ ಕಾಯಿಸಿದ್ರಿ, ಅವನ ಕೈಲಿ ನನ್ನ ನಂಬರಿನ ಮಗ್ ಬೇರೆ. ಎಷ್ಟೋ ಬಂದರು ನೋಡಿದೀನಿ, ಇಂಥ ಏರ್ಪಾಡು ನೋಡಿಲ್ಲ. ಮಗ್ ತೆಗೆಸೋಕೆ ಬಂದಿದ್ದೆ. ಈಗ ಇದನ್ನ ಈ ಬಂದರಿನ ಎಲ್ಲಾ ದೋಣಿಗೂ ಮಾಡ್ಸಿ ಅಂತ ಬರೀತೀನಿ."

ಹನ್ನೊಂದು ಜನ ತಂತಮ್ಮ ಮಗ್‌ನೊಳಗೆ ಇಣುಕಿದರು. ಇಂಗಾ ಕೆಟಲಿನ ಮುಚ್ಚಳ ಸರಿಮಾಡಿದಳು. ಮಾನ್ಸಿ ಆಕಾಶ ನೋಡಿದ, ಅಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅವನು ಬದುಕಿ ಬಂದಿದ್ದಾನೆ, ನಗುತ್ತಿದ್ದಾನೆ, ಅಪ್ಪನ ಹಲಗೆ ಗೆದ್ದಿದೆ, ಬೆಳಿಗ್ಗೆಯಿಂದ ನಾನು ಬಯಸಿದ್ದೆಲ್ಲ ತಟ್ಟೆಯಲ್ಲಿಟ್ಟು ಮುಂದೆ ಬಂದಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಜೀವಮಾನವೆಲ್ಲ ವಾದಿಸಿದವಳು ನಾನು. ಇವತ್ತು ಎದುರಾಳಿಯೇ ಮೂರು ಕಾಲು ಎಣಿಸಿ ಒಪ್ಪುತ್ತಿದ್ದಾನೆ.

ಆದರೆ ಎಲ್ಲಾ ದೋಣಿಗೂ ಅಂದನಲ್ಲ, ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಎಲ್ಲಾ ದೋಣಿಗೂ ಮಗ್ ಬರುತ್ತದೆ, ಎಲ್ಲಾ ದೋಣಿಗೂ ಚಹಾಕ್ಕೆ ನೆಂಟರೂ ಬರುತ್ತಾರೆ. ಎಲ್ಲಾ ಕಡೆ ಏಡಿಬುಟ್ಟಿ ಎತ್ತುವ ಮಾನ್ಸಿ ಇರುವುದಿಲ್ಲ.

"ರಿಡಕ್ ಅವರೇ," ಅಂದೆ, "ಅವನನ್ನ ನಾನು ನಿಲ್ಸಿರ್ಲಿಲ್ಲ. ನಿಮ್ಮ ಮಗ್‌ನಲ್ಲಿ ಅವನಿಗೆ ಚಹಾ ಕೊಟ್ವಿ. ಕೊಕ್ಕೆ ಖಾಲಿ ಕಂಡು ನೀವು ಬಂದಿದೀರಿ ಅಂದ್ಕೊಂಡೆ. ನಿಮ್ಮನ್ನ ನೀರಲ್ಲೇ ಬಿಟ್ಟು ಹೊರಟುಹೋಗಿದ್ದೆ."

ಅವನು ಕೈಯಲ್ಲಿದ್ದ ಮಗ್ ತಿರುಗಿಸಿ ನಂಬರು ನೋಡಿದ. ಆಮೇಲೆ ಮಂಜಿನ ಕಡೆ ನೋಡಿದ, ಈಗ ಅದು ಮಾನ್ಸಿಯ ದೋಣಿಯ ಹಿಂಭಾಗವನ್ನೂ ನುಂಗಿತ್ತು.

"ಎಷ್ಟು ದೂರ ಹೋಗಿದ್ರಿ?"

"ಎರಡು ಮೈಲಿ."

"ಸ್ವಲ್ಪ ಚಹಾ ಹಾಕಿ," ಅಂದ ಇಂಗಾಳಿಗೆ. ಅವಳು ಹಾಕಿದಳು. ಅವನು ಎರಡೂ ಕೈಯಲ್ಲಿ ಮಗ್ ಹಿಡಿದು ಪೂರಾ ಕುಡಿದ, ಖಾಲಿಯಾದದ್ದನ್ನು ಮಾನ್ಸಿಯ ಕೈಗೇ ವಾಪಸ್ಸು ಕೊಟ್ಟ.

ಸಂಜೆ ಕಟ್ಟೆಯ ಮೇಲೆ ತೀರ್ಮಾನ ಹೇಳಿದ. ಎರಡು ವಾರ ಕಿಟ್ಟಿವೇಕ್ ಕದಲಕೂಡದು. ಮುಳುಗುಗಾರರು ಹೆಚ್ಚು ಬರುವ ಜೂನ್ ತಿಂಗಳಲ್ಲಿ ಎರಡು ವಾರ ಅಂದರೆ ನಮಗೆ ಏನು ಅಂತ ಅವನಿಗೂ ಗೊತ್ತಿತ್ತು. ಆಮೇಲೆ ಹೆಸರು ಬರೆದ ಪಟ್ಟಿ ಇರಬೇಕು, ಹೊರಡುವ ಮುಂಚೆ ಹೆಸರು ಕೂಗಬೇಕು, ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಓ ಅನ್ನಬೇಕು, ಕೂಗುವವರು ಅವರ ಮುಖ ನೋಡಬೇಕು. ಎಲ್ಲದಕ್ಕೂ ಹೂಂ ಅಂದೆ. ಹೋಗುವಾಗ ಅವನು, ತನಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಆಗಸ್ಟಿನಲ್ಲಿ ಮದುವೆ ಅಂತ ಹೇಳಿದ. ನಾನು ಕೇಳಿರಲಿಲ್ಲ, ಅವನೇ ಹೇಳಿದ.

ಹಲಗೆ ಈಗಲೂ ಅಲ್ಲೇ ಇದೆ, ಪಟ್ಟಿ ಅದರ ಪಕ್ಕದಲ್ಲಿ. ಮಗ್‌ಗಳು ಹನ್ನೊಂದೇ. ಹನ್ನೆರಡನೆಯದನ್ನು ಮಾನ್ಸಿ ವಾಪಸ್ಸು ಕೊಟ್ಟಿಲ್ಲ. ಅದು ಅವನಿಗೆ ಕಡಲಿನಲ್ಲಿ ಸಿಕ್ಕಿದ್ದಂತೆ, ಜೊತೆಗೆ ಸಿಕ್ಕ ಮನುಷ್ಯನನ್ನು ಕೊಟ್ಟಿದ್ದೇ ಹೆಚ್ಚಂತೆ.

ಎರಡು ವಾರ ಕಳೆದು ಮತ್ತೆ ಹಿಲ್ಡಾಳ ಮೇಲೆ ನಿಂತ ಮೊದಲ ದಿನ, ಆಗಲೇ ಐದು ಜನ ಮೇಲೆ ಬಂದಿದ್ದರು. ಮಾನ್ಸಿ ಏಡಿ ಹಿಡಿದುಕೊಂಡು ಬಂದ. ಮಗ್ ಅವನ ಸೊಂಟದ ದಾರಕ್ಕೆ ನೇತಾಡುತ್ತಿತ್ತು. ಬಿಚ್ಚಿ ಇಂಗಾಳ ಮುಂದೆ ಒಡ್ಡಿದ. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯಿಂದ ತಲೆ ಹಾಕಿ, ಎಲ್ಲರೂ ಮೇಲೆ ಬಂದು ಹೆಸರು ಕೂಗಿ ಮುಗಿಯುವವರೆಗೆ ನೆಂಟರಿಗೆ ಚಹಾ ಇಲ್ಲ, ಕಾಯಬೇಕು ಅಂದೆ.

"ಕಾಯೋದಾ? ಚಹಾಕ್ಕಾ?" ಮಾನ್ಸಿಯ ಬಾಯಿ ತೆರೆದೇ ಉಳಿಯಿತು. "ಥೋರಾ, ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?"

ಅದನ್ನು ನಾನೂ ಎರಡು ವಾರ ಯೋಚಿಸಿದ್ದೆ. ಪಟ್ಟಿ ಕೈಗೆ ತೆಗೆದುಕೊಂಡು ಕಾದೆ. ಮಾನ್ಸಿಯೂ ಖಾಲಿ ಮಗ್ ಹಿಡಿದು ಇಪ್ಪತ್ತೆರಡು ನಿಮಿಷ ಗಾಳಿಯಲ್ಲಿ ನಿಂತು ಕಾದ. ಸಂಜೆಯೊಳಗೆ ಇಡೀ ಸ್ಟ್ರಾಮ್‌ನೆಸ್‌ಗೆ ಗೊತ್ತಾಯಿತು, ಥೋರಾ ಇಸ್ಬಿಸ್ಟರ್ ಬಂದ ನೆಂಟನಿಗೆ ಚಹಾ ಕೊಡದೆ ನಿಲ್ಲಿಸಿದಳಂತೆ ಅಂತ. ಅಧಿಕಾರಿಯನ್ನು ಕಡಲಲ್ಲಿ ಬಿಟ್ಟು ಬಂದದ್ದನ್ನು ಊರು ಒಂದು ವಾರದಲ್ಲಿ ಮರೆತಿತ್ತು. ಇದನ್ನು ಇನ್ನೂ ಮರೆತಿಲ್ಲ, ನನ್ನ ಸಮಾಧಿಯ ಕಲ್ಲಿನ ಮೇಲೂ ಬರೆಸುತ್ತಾರೇನೋ. ಬರೆಸಲಿ. ಆ ದಿನ ಹನ್ನೆರಡನೇ ಹೆಸರು ಕೂಗಿ, ನಡುಗುವ ಗಂಟಲೊಂದು ಓ ಅಂದದ್ದು ಕಿವಿಗೆ ಬಿದ್ದು, ಅವನ ಒದ್ದೆ ಮುಖ ಕಣ್ಣಾರೆ ಕಂಡ ಮೇಲೇ ನಾನು ಇಂಗಾಳಿಗೆ, ಈಗ ಮಾನ್ಸಿಗೆ ಚಹಾ ಹಾಕು ಅಂದೆ.